ಶ್ರೀ ೞ ಅವರ ಸನ್ನಿಧಾನಕ್ಕೆ, ಮಾನೇಸರದಿಂದ

ಪೂಜ್ಯ ೞ ಅವರೇ,

ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕೆಂದು ಕೋರುವುದು ಪತ್ರದ ಪದ್ಧತಿ. ಆದರೆ ಹಳಗನ್ನಡದ ಅಕ್ಷರವಾದ ತಾವು ಕನ್ನಡಿಗರ ಬಾಯಿಂದ ಹೊರಟುಹೋಗಿ ಶತಮಾನಗಳೇ ಉರುಳಿರುವುದರಿಂದ ಆ ಸಾಲನ್ನು ಕೈಬಿಟ್ಟಿದ್ದೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ತಮ್ಮ ಹೆಸರನ್ನು ನಾನು ಬರೆದಿಲ್ಲ, ಅಂಟಿಸಿದ್ದೇನೆ. ನನ್ನ ಫೋನಿನ ಕೀಲಿಮಣೆಯಲ್ಲಿ ನಗುವ ಮುಖಗಳು ಹತ್ತಾರು ಬಗೆಯವು ಸಿಕ್ಕವು, ತಾವು ಸಿಗಲಿಲ್ಲ. ಕೊನೆಗೆ ಎಲ್ಲಿಯೋ ಇದ್ದ ತಮ್ಮನ್ನು ನಕಲು ಮಾಡಿ ತಂದು ಇಲ್ಲಿ ಕೂರಿಸಿದೆ. ಈ ಪತ್ರದ ಉದ್ದಕ್ಕೂ ಕಾಣುವ ೞಗಳೆಲ್ಲ ಆ ಒಂದೇ ೞದ ಜೆರಾಕ್ಸ್ ಪ್ರತಿಗಳು. ಹದಿನೈದು ಶತಮಾನದಷ್ಟು ಹಳೆಯ ಹಿರಿಯರಿಗೆ ಇಷ್ಟಾದರೂ ಗೌರವ ಸಂದಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕು.

ಎರಡನೆಯ ತೊಡಕು ವಿಳಾಸದ್ದು. ತಮ್ಮನ್ನು ಯಾವ ಹೆಸರಿನಿಂದ ಕರೆಯಲಿ? 13ನೇ ಶತಮಾನದಲ್ಲಿ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ತಮ್ಮನ್ನು ‘ರಳ’ ಎಂದ. ಕುಳ, ಕ್ಷಳ ಎಂಬ ಳಕಾರದ ದಾಯಾದಿಗಳ ಜೊತೆ ಆಸ್ತಿ ಗೊಂದಲವಾಗದಂತೆ ಬೇರೆ ಖಾತೆ ಮಾಡಿಕೊಟ್ಟ. ಕನ್ನಡದ ಶುದ್ಧಾಕ್ಷರ 47 ಎಂದು ಲೆಕ್ಕ ಹಾಕಿದ. ಆ ನಾಲ್ವತ್ತೇೞನ್ನು ಬರೆಯುವುದಕ್ಕೂ ತಾವೇ ಬೇಕಾಗಿತ್ತು. ಆದರೆ ಇಂದು ಜಗತ್ತಿನ ಕಂಪ್ಯೂಟರುಗಳೆಲ್ಲ ನಂಬಿ ನಡೆಯುವ ಯೂನಿಕೋಡ್ ಎಂಬ ಮಹಾದಾಖಲೆಯಲ್ಲಿ ತಮ್ಮ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’. ಹೌದು, ಫ. ಫ್ಯಾನು, ಫೋನು, ಫೀಸುಗಳ ಫ. ಈ ವಿಷಯ ತಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ಕೂತು ಕೇಳಿ, ಮುಂದೆ ವಿವರಿಸುತ್ತೇನೆ.

ಈಗ ನನ್ನ ಪರಿಚಯ. ಹರಿಯಾಣದ ಮಾನೇಸರದಲ್ಲಿ, ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ದುಡಿಯುವ ದಾವಣಗೆರೆಯವನು ನಾನು. ಈ ಊರಿನಲ್ಲಿ ಕಾರು ತಯಾರಾಗುತ್ತದೆ, ಸ್ಕೂಟರ್ ತಯಾರಾಗುತ್ತದೆ, ಎನ್‌ಎಸ್‌ಜಿಯ ಕಮಾಂಡೋಗಳು ತಯಾರಾಗುತ್ತಾರೆ. ಮೆದುಳಿನ ಮೇಲೆ ಸಂಶೋಧನೆ ಮಾಡುವ ರಾಷ್ಟ್ರೀಯ ಕೇಂದ್ರವೂ ಇಲ್ಲೇ ಇದೆ. ಅಂದರೆ ಕಾಲು, ಕೈ, ತಲೆ ಮೂರಕ್ಕೂ ವ್ಯವಸ್ಥೆಯಾಗಿದೆ, ನಾಲಿಗೆಯೊಂದನ್ನು ಅವರವರ ಊರಿನಿಂದ ತರಬೇಕು. ನಮ್ಮ ಊರನ್ನು ಸೀಳಿಕೊಂಡು ಹೋಗುವುದು 48ನೇ ರಾಷ್ಟ್ರೀಯ ಹೆದ್ದಾರಿ. ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ ದಾಟಿ ಇದೇ ರಸ್ತೆ ದಾವಣಗೆರೆಗೂ ಹೋಗುತ್ತದೆ. ಸ್ಟೀರಿಂಗ್ ಹಿಡಿದು ಎಲ್ಲೂ ದಾರಿ ಬದಲಿಸದೆ ಕೂತರೆ ನನ್ನ ಅವ್ವನ ಮನೆ. ಬೆಳಗಿನ ಹೊತ್ತು ಕರ್ನಾಟಕದ ಲಾರಿಯೊಂದು ಹಿಂಬದಿಯಲ್ಲಿ ಮನೆದೇವರ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು ಹಾದುಹೋದರೆ ಅಂದಿನ ಶಿಫ್ಟು ಹಗುರ. ಕೈಬರಹದ ಆ ದಪ್ಪ ಅಕ್ಷರ, ಅದರ ಕೆಳಗಿನ ನೆರಳು, ತಲಕಟ್ಟಿನ ಕೊನೆಗೊಂದು ಕೊಂಕು. ಮಾನೇಸರದಲ್ಲಿ ನನಗೆ ದೊರಕುವ ಕನ್ನಡ ಅಕ್ಷರ ಪ್ರದರ್ಶನ ಅದೇ. ಪ್ರವೇಶ ಉಚಿತ, ಅವಧಿ ನಾಲ್ಕು ಸೆಕೆಂಡು.

ಅದೇ ದಾರಿಯಲ್ಲಿ ವರ್ಷಕ್ಕೊಂದೆರಡು ಸಲ ಅವ್ವನ ಪಾರ್ಸೆಲ್ಲೂ ಬರುತ್ತದೆ: ಎರಡು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದಿಷ್ಟು ಗುರೆಳ್ಳು, ಖಡಕ್ ರೊಟ್ಟಿಯ ಕಟ್ಟು. ಡಬ್ಬಿಗಳ ಮುಚ್ಚಳದ ಮೇಲೆ ಅವ್ವ ಚೀಟಿ ಅಂಟಿಸಿ ಏನಾದರೂ ಬರೆದಿರುತ್ತಾಳೆ. ಈ ಡಬ್ಬಿಗಳ ವಿಷಯ ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ನನಗೆ ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಶಾಲೆಯಲ್ಲಿ ಹಿಂದಿ, ಫೋನಿನಲ್ಲಿ ಇಂಗ್ಲಿಷ್. ಕನ್ನಡ ಓದಲು ಕಲಿಸುತ್ತೇನೆಂದು ಅವಳು ಹುಟ್ಟಿದ ವರ್ಷ ನಿಶ್ಚಯಿಸಿದ್ದೆ. ನಿಶ್ಚಯ ಇಂದಿಗೂ ಗಟ್ಟಿಯಾಗಿದೆ. ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಕರೆದುಕೊಂಡು ಹೋಗಿ ಬರಲು ಇಲ್ಲಿಂದ ಒಂದು ಭಾನುವಾರ ಪೂರ್ತಿ ಬೇಕು, ಭಾನುವಾರ ನನಗೆ ನಿದ್ದೆ ಬೇಕು. ಹೀಗಿರುವಾಗ ಹೋದ ವರ್ಷ ಈ ಹುಡುಗಿ ಹತ್ತೇ ದಿನದಲ್ಲಿ ಕೊರಿಯನ್ ಓದಲು ಕಲಿತಳು. ಯಾರೂ ಹೇಳಿಕೊಡಲಿಲ್ಲ, ಯಾರೂ ಗದರಿಸಲಿಲ್ಲ. ಏಳು ಜನ ಹುಡುಗರು ಹಾಡುತ್ತ ಕುಣಿಯುವ ಒಂದು ತಂಡದ ಹಾಡು ಅರ್ಥವಾಗಬೇಕಿತ್ತು, ಅಷ್ಟೆ. ಗುರುಗ್ರಾಮದ ಕಡೆ ಹೋದಾಗ ಕೊರಿಯನ್ ಊಟದಮನೆಗಳ ಫಲಕಗಳನ್ನು ಪಟಪಟನೆ ಓದುತ್ತಾಳೆ. ನಾನು ತಂದೆಯ ಹೆಮ್ಮೆಯಿಂದ ತಲೆಯಾಡಿಸುತ್ತೇನೆ.

‘ನಿನಗೆ ಕನ್ನಡದ ಒಂದಕ್ಷರವಾದರೂ ಗೊತ್ತೇನೆ?’ ಎಂದು ಒಮ್ಮೆ ಕೇಳಿದೆ. ‘ಗೊತ್ತು’ ಅಂದಳು. ಫೋನು ತೆಗೆದು ತೋರಿಸಿದಳು: ಠ_ಠ. ಪೂಜ್ಯರೇ, ತಮ್ಮ ಬಳಗದ ಠ ಮಹಾಶಯ ಇಂದು ಜಗದ್ವಿಖ್ಯಾತ. ಅಂತರ್ಜಾಲದಲ್ಲಿ ಯಾರ ಮಾತಾದರೂ ಹಿಡಿಸದಿದ್ದರೆ ಅಮೆರಿಕದವರು, ಬ್ರೆಜಿಲಿನವರು, ಫಿನ್ಲೆಂಡಿನವರು ಎರಡು ಠ ಹಾಕಿ ನಡುವೆ ಗೆರೆ ಎಳೆದು ಕೆಕ್ಕರಿಸಿ ನೋಡುತ್ತಾರೆ. ಕನ್ನಡ ಎಂಬುದೊಂದು ಭಾಷೆ ಇದೆಯೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಕವಿರಾಜಮಾರ್ಗದ ನಾಡು ವಿಶ್ವಕ್ಕೆ ಒಂದು ಜೊತೆ ಸಿಟ್ಟಿನ ಕಣ್ಣು ಕೊಟ್ಟಿದೆ. ತಾವು ಫ ಆಗಿದ್ದೀರಿ, ಠ ಕಣ್ಣಾಗಿದ್ದಾನೆ. ನಮ್ಮ ಅಕ್ಷರಗಳು ದುಡಿಯುತ್ತಿಲ್ಲ ಎಂದು ದೂರಲಾಗದು, ನಾವು ಹೇಳಿದ ಕೆಲಸ ಮಾಡುತ್ತಿಲ್ಲ ಅಷ್ಟೆ.

ಕೊರಿಯದ ಅಕ್ಷರಗಳಿಗೂ ನನಗೂ ಮೊದಲ ಭೇಟಿ ಆದದ್ದು ಮಗಳಿಂದಲ್ಲ, ಮೆಷೀನಿನಿಂದ. ನಮ್ಮ ಕಾರ್ಖಾನೆಗೆ ಕೊರಿಯದಿಂದ ಬಂದ ಯಂತ್ರವೊಂದರ ಕೆಂಪು ಗುಂಡಿಯ ಮೇಲೆ ನಾಲ್ಕು ಚೌಕ ಅಕ್ಷರಗಳ ಚೀಟಿಯಿತ್ತು. ಅದನ್ನು ಜೋಡಿಸಲು ಬಂದಿದ್ದ ಎಂಜಿನಿಯರು ಚಹಾದ ಹೊತ್ತಿನಲ್ಲಿ ಓದಿ ತೋರಿಸಿದರು: ಬಿ, ಸಾಂಗ್, ಜೊಂಗ್, ಜಿ. ತುರ್ತು ನಿಲುಗಡೆ. 14 ವ್ಯಂಜನ, 10 ಸ್ವರ, ಒಟ್ಟು 24 ಅಕ್ಷರ. ಒಂದರ ಪಕ್ಕ ಒಂದು, ಒಂದರ ಕೆಳಗೆ ಒಂದು ಕೂರಿಸಿ ಒಂದು ಚೌಕದೊಳಗೆ ಒಂದು ಉಚ್ಚಾರ ಕಟ್ಟುತ್ತಾರೆ. ‘ನಮ್ಮ ಒತ್ತಕ್ಷರದ ಹಾಗೆ’ ಎಂದು ಕೈಯ ಮೇಲೆ ಬಾಲ್‌ಪೆನ್ನಿನಿಂದ ‘ಸ್ತ್ರೀ’ ಬರೆದು ತೋರಿಸಿದೆ. ಆತ ಬೆರಗಾಗಿ ನೋಡಿದರು. ಪಕ್ಕದಲ್ಲಿದ್ದ ರೇವಾಡಿಯ ಫೋರ್‌ಮನ್ ‘ಅರೆ, ಜಲೇಬಿ!’ ಅಂದ. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಎಲೆ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರ ಗುಂಡಗಾದವು ಎಂಬ ವಾಡಿಕೆಯ ವಿವರಣೆಯನ್ನು ನಾನು ಶುರು ಮಾಡುವಷ್ಟರಲ್ಲಿ ಲೈನು ಚಾಲೂ ಆಯಿತು.

ಆಮೇಲೊಂದು ದಿನ ಮಗಳು ಸುದ್ದಿ ತಂದಳು: ದಿಲ್ಲಿಯಲ್ಲಿ ಕೊರಿಯದ ಅಕ್ಷರವಿನ್ಯಾಸದ ಪುಟ್ಟ ಪ್ರದರ್ಶನ, ಅಲ್ಲಿನ ಪರಂಪರೆಯಿಂದ ಸ್ಫೂರ್ತಿ ಪಡೆದದ್ದಂತೆ. ಅಕ್ಷರ ನೋಡಲು ಟ್ಯಾಕ್ಸಿಗೆ ದುಡ್ಡು ಸುರಿದು ಹೋಗುವವರುಂಟೇ ಎಂದು ಹೆಂಡತಿ ನಕ್ಕಳು. ಹೋದೆವು. ಮಾನೇಸರಕ್ಕೆ ಮೆಟ್ರೋ ಇಲ್ಲ, ಗುರುಗ್ರಾಮದವರೆಗೆ ಹೋಗಿ ಹಿಡಿಯಬೇಕು. ನಾನು ಬಂದಾಗ ಆ ನಿಲ್ದಾಣ ಹುಡಾ ಸಿಟಿ ಸೆಂಟರ್ ಆಗಿತ್ತು, ಈಗ ಮಿಲೇನಿಯಂ ಸಿಟಿ ಸೆಂಟರ್. ಊರು ಗುಡಗಾಂವ್ ಆಗಿತ್ತು, 2016ರಿಂದ ಗುರುಗ್ರಾಮ. ಈ ದೇಶದಲ್ಲಿ ಊರಿನ ಹೆಸರು ಬದಲಾಗುತ್ತದೆ, ರಸ್ತೆಯ ಹೆಸರು ಬದಲಾಗುತ್ತದೆ, ರೈಲಿನ ಹೆಸರು ಬದಲಾಗುತ್ತದೆ. ತಮ್ಮೊಬ್ಬರ ಹೆಸರಿಗೆ ಮಾತ್ರ ತಿದ್ದುಪಡಿ ಇಲ್ಲ.

ಪ್ರದರ್ಶನದ ಮೊದಲ ಗೋಡೆಯಲ್ಲಿ ಸೆಜೊಂಗ್ ಮಹಾರಾಜರ ಕಥೆ. ಕೆರೆ ಕಟ್ಟಿಸಿದ ಅರಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಕ್ಷರ ಕಟ್ಟಿದ ಅರಸು ಅಪರೂಪ. 1443ರಲ್ಲಿ 28 ಅಕ್ಷರಗಳನ್ನು ರೂಪಿಸಿ, 1446ರಲ್ಲಿ ವಿವರಣೆಯ ಪುಸ್ತಕದೊಂದಿಗೆ ಪ್ರಕಟಿಸಿದರು. ಚೀನೀ ಲಿಪಿ ಕಲಿಯಲಾಗದ ಬಡಜನ ತಮ್ಮ ಮಾತನ್ನು ತಾವೇ ಬರೆದುಕೊಳ್ಳಲಿ ಎಂಬುದು ಅವರ ಉದ್ದೇಶ. ನಾವು ಶಾಲೆಯಲ್ಲಿ ಕಂಠ್ಯ, ದಂತ್ಯ, ಓಷ್ಠ್ಯ ಎಂದು ಕಣ್ಣು ಮುಚ್ಚಿ ಬಾಯಿಪಾಠ ಮಾಡಿದ್ದನ್ನು ಆತ ಕಣ್ಣಿಗೆ ಕಾಣುವಂತೆ ಚಿತ್ರ ಬರೆದುಬಿಟ್ಟರು: ಗಂಟಲು ಮುಚ್ಚುವ ನಾಲಿಗೆಯ ಬುಡ ‘ಗ’ ಆಯಿತು, ಮೇಲೇರುವ ನಾಲಿಗೆಯ ತುದಿ ‘ನ’ ಆಯಿತು, ಬಾಯಿ ‘ಮ’ ಆಯಿತು, ಹಲ್ಲು ‘ಸ’ ಆಯಿತು. ಸ್ವರಗಳಿಗೆ ಮೂರೇ ಬೀಜ: ಚುಕ್ಕೆಯೆಂದರೆ ಆಕಾಶ, ಅಡ್ಡಗೆರೆ ಭೂಮಿ, ನಿಂತ ಗೆರೆ ಮನುಷ್ಯ.

ಇಷ್ಟು ಓದಿ ಕೊರಿಯದವರೆಲ್ಲ ಅಕ್ಷರಪ್ರೇಮಿ ದೇವತೆಗಳೆಂದು ತಾವು ತಿಳಿಯಬಾರದು. 1444ರಲ್ಲೇ ಚೊಯ್ ಮಾನ್ರಿ ಎಂಬ ಆಸ್ಥಾನ ವಿದ್ವಾಂಸರು ಅರಸನಿಗೆ ದೂರು ಬರೆದರು. ಸ್ವಂತ ಲಿಪಿ ಇಟ್ಟುಕೊಳ್ಳುವವರು ಮಂಗೋಲರು, ಟಿಬೆಟಿನವರು, ಜಪಾನಿಯರಂಥ ಅನಾಗರಿಕರು, ನಮಗೇಕೆ ಈ ಹೀನಾಯ, ಚೀನಾದವರ ಮುಂದೆ ಮುಖ ತೋರಿಸುವುದು ಹೇಗೆ ಎಂಬುದು ಅದರ ಸಾರ. ಸೆಜೊಂಗರು ಅವರನ್ನು ಒಂದು ದಿನ ಸೆರೆಮನೆಯಲ್ಲಿಟ್ಟು ಬಿಟ್ಟರು. ಆ ಗೋಡೆಯ ಮುಂದೆ ನನಗೆ ನಮ್ಮ ಬೆಂಗಳೂರಿನ ಎಷ್ಟೋ ಮಂದಿ ನೆನಪಾದರು. ಕನ್ನಡದಲ್ಲಿ ಇಮೇಲ್ ಬರೆದರೆ ಕಂಪನಿಯವರು ಏನಂದುಕೊಂಡಾರು ಎಂದು ಅಂಜುವ ಈ ಚೊಯ್ ಮಾನ್ರಿಗಳನ್ನು ಒಂದೊಂದು ದಿನ ಒಳಗಿಡುವುದಾದರೆ ಪರಪ್ಪನ ಅಗ್ರಹಾರ ಸಾಲದು. ಮೊದಲ ಸಾಲಿನಲ್ಲಿ ನನ್ನ ಹೆಸರೇ ಬರುತ್ತದೆ.

1504ರಲ್ಲಿ ಯೊನ್‌ಸಾನ್ ಎಂಬ ದುಷ್ಟ ದೊರೆ ಈ ಲಿಪಿಯನ್ನೇ ನಿಷೇಧಿಸಿದ. ಯಾರೋ ಅವನನ್ನು ಹಿಗ್ಗಾಮುಗ್ಗಾ ಬೈದು ಅದೇ ಲಿಪಿಯಲ್ಲಿ ಭಿತ್ತಿಪತ್ರ ಅಂಟಿಸಿದ್ದರು. ದೊರೆಯನ್ನು ಬೈಯಲು ಜನ ಬಳಸಿದರು ಎಂದರೆ ಲಿಪಿ ಜನರದ್ದಾಗಿತ್ತು ಎಂದು ಅರ್ಥ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಶಾಸ್ತ್ರೀಯ ಸ್ಥಾನಮಾನವೂ ಕೊಡಲಾರದು. ಅಕ್ಟೋಬರ್ 9ರ ಅಕ್ಷರದಿನದ ರಜೆಯನ್ನೂ ಅಲ್ಲಿಯ ಸರ್ಕಾರ 1991ರಲ್ಲಿ ಕಿತ್ತುಹಾಕಿತ್ತು. ಅಕ್ಟೋಬರಿನಲ್ಲಿ ರಜೆ ಜಾಸ್ತಿಯಾಯಿತಂತೆ. ಮತ್ತೆ ಬಂದದ್ದು 2013ರಲ್ಲಿ. ಅವರೂ ನಮ್ಮಂಥವರೇ ಎಂದು ನನಗೆ ಆಪ್ತಭಾವ ಮೂಡಿದ್ದು ಇಲ್ಲಿ.

ಎರಡನೆಯ ಗೋಡೆಯ ಮುಂದೆ ನಾನು ತಮ್ಮನ್ನು ನೆನೆದೆ. ಅಲ್ಲಿದ್ದುದು ಒಂದೇ ಒಂದು ಚುಕ್ಕೆ. ಸೆಜೊಂಗರು ಆಕಾಶವೆಂದು ಕರೆದ ಅದೇ ಸ್ವರ. ಅದಕ್ಕೆ ‘ಅರೆ-ಆ’ ಎಂದು ಹೆಸರು. ಬಹುಪಾಲು ಕೊರಿಯನ್ನರ ಬಾಯಿಂದ ಅದರ ಉಚ್ಚಾರ ಅಳಿಯಿತು, 1933ರ ಹೊಸ ಕಾಗುಣಿತದಲ್ಲಿ ಅದನ್ನು ಕೈಬಿಟ್ಟರು. ಇನ್ನೂ ಮೂರು ಅಕ್ಷರ ಅದಕ್ಕೆ ಮೊದಲೇ ಮರೆಯಾಗಿದ್ದವು. ಹಾಗೆ 28 ಹೋಗಿ 24 ಉಳಿದದ್ದು. ಅಂದರೆ ಪೂಜ್ಯರೇ, ತಮ್ಮ ಪಾಡೇ ಅದರದ್ದೂ. ತಾವು ಸ್ವರದ ಮುಂದೆ ಳ ಆದಿರಿ, ವ್ಯಂಜನದ ಮುಂದೆ ರ ಆಗಿ ಕರಗಿದಿರಿ. ಎೞ್ಪತ್ತು ಎರ್ಪತ್ತಾಗಿ ಎಪ್ಪತ್ತಾಯಿತು. ಕೞ್ತೆ ಕರ್ತೆಯಾಗಿ ಕತ್ತೆಯಾಯಿತು. ಮಳೆ, ಬಾಳೆ, ಕೊಳಲು, ಹುಳು, ಹಳೆಯ, ಏಳು, ಇವೆಲ್ಲ ತಾವೇ ಕಟ್ಟಿದ ಮನೆಗಳು, ಈಗ ಳ ವಾಸವಾಗಿದ್ದಾನೆ. ಬಾಡಿಗೆಯನ್ನೂ ಕೊಡುವುದಿಲ್ಲ.

ವ್ಯತ್ಯಾಸ ಇರುವುದು ಸತ್ತ ಮೇಲಿನದರಲ್ಲಿ. ಕೊರಿಯದಲ್ಲಿ ಮನೆಮನೆಗೂ ಗೊತ್ತಿರುವ ಬರವಣಿಗೆಯ ತಂತ್ರಾಂಶವೊಂದು 1989ರಲ್ಲಿ ಬಂದಾಗ ತನ್ನ ಹೆಸರಿನಲ್ಲೇ ಆ ಚುಕ್ಕೆಯನ್ನು ಇಟ್ಟುಕೊಂಡಿತು. ಜನ ಅದನ್ನು ಕರೆಯುವುದೇ ‘ಅರೆ-ಆ ಹಂಗುಲ್’ ಎಂದು. ಜೇಜು ದ್ವೀಪದಲ್ಲಿ ಆ ಉಚ್ಚಾರ ಇನ್ನೂ ಜೀವಂತ, ಅಂಗಡಿ ಫಲಕಗಳಲ್ಲೂ ಕಾಣುತ್ತದೆ. ನಿವೃತ್ತಿಯಾದ ಅಕ್ಷರಕ್ಕೆ ಅವರು ಸನ್ಮಾನ ಮಾಡಿ ಮನೆಗೆ ಕಳಿಸಲಿಲ್ಲ, ಅಂಗಡಿಯ ಬಾಗಿಲಲ್ಲಿ ಕೆಲಸ ಕೊಟ್ಟರು.

ನಾವೇನು ಮಾಡಿದೆವು? ತಮ್ಮ ಹೆಸರಿನ ಕಥೆಗೆ ಬರುತ್ತೇನೆ. ಇದು ಕೊರಿಯಕ್ಕೂ ತಮಗೂ ನೇರ ಸಂಬಂಧವಿರುವ ಕಥೆ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರ ಮೊದಲ ಆವೃತ್ತಿಯಲ್ಲೇ. ಅಲ್ಲಿ ತಮ್ಮ ರೂಪ ಬಂತು, ಹೆಸರು ಮಾತ್ರ ‘ಫ’ ಎಂದು ದಾಖಲಾಯಿತು. ಅತ್ತ ಕೊರಿಯದ ಅಕ್ಷರಗಳದ್ದು ಬೇರೆ ಗೋಳು. ಅವರ ಚೌಕಗಳನ್ನೆಲ್ಲ ಲೆಕ್ಕ ಹಾಕಿದರೆ 11,172 ಆಗುತ್ತವೆ, ದಾಖಲೆಯಲ್ಲಿ ಇದ್ದದ್ದು 6,656. ಅವರು ಪಟ್ಟು ಹಿಡಿದರು. 1996ರ ಎರಡನೇ ಆವೃತ್ತಿಯಲ್ಲಿ ಹಳೆಯ ಜಾಗದಿಂದ ಎಲ್ಲವನ್ನೂ ಎತ್ತಿ, 11,172ಕ್ಕೂ ಹೊಸ ಬಡಾವಣೆ ಕಟ್ಟಿಕೊಡಬೇಕಾಯಿತು. ಹಾಗೆ ಜಾಗ ಬದಲಿಸಿದ್ದರಿಂದ ಹಳೆಯ ಕಡತಗಳೆಲ್ಲ ಗೊಂದಲಕ್ಕೆ ಬಿದ್ದವು. ಕೈ ಸುಟ್ಟುಕೊಂಡ ಯೂನಿಕೋಡಿನವರು ಅಲ್ಲಿಂದಾಚೆಗೆ ಕಟ್ಟಳೆ ಹಾಕಿಕೊಂಡರು: ಇನ್ನು ಮುಂದೆ ಯಾವ ಅಕ್ಷರವೂ ಜಾಗ ಬದಲಿಸುವಂತಿಲ್ಲ, ಹೆಸರು ಬದಲಿಸುವಂತಿಲ್ಲ, ಎಂದೆಂದಿಗೂ.

ಕೊರಿಯದವರು ಬಾಗಿಲು ಒದ್ದು ಒಳಹೋದ ಮೇಲೆ ಬಾಗಿಲಿಗೆ ಬೀಗ ಬಿತ್ತು. ಹೊರಗಡೆ, ಎದೆಯ ಮೇಲೆ ‘ಫ’ ಎಂಬ ಚೀಟಿ ಅಂಟಿಸಿಕೊಂಡು ತಾವು ನಿಂತಿದ್ದಿರಿ. 1991ರಿಂದ 1996ರವರೆಗೆ ಐದು ವರ್ಷ ಸಮಯವಿತ್ತು. ಆ ಐದು ವರ್ಷದಲ್ಲಿ ಹೆಸರು ತಿದ್ದಲಿಲ್ಲ. ಈಗ ದಾಖಲೆಯ ಅಡಿಯಲ್ಲಿ ಒಂದು ಷರಾ ಇದೆ, ‘ಈ ಹೆಸರು ತಪ್ಪು’ ಎಂಬ ಅರ್ಥದ್ದು. ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಅಂದರೆ ತಮ್ಮ ನಿಜನಾಮವೇ ತಮಗೆ ಅಡ್ಡಹೆಸರು. ರೇಷನ್ ಕಾರ್ಡಿನಲ್ಲಿ ತಪ್ಪಾಗಿ ಬಿದ್ದ ಹೆಸರನ್ನು ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದು ಕೊನೆಗೆ ತಪ್ಪು ಹೆಸರನ್ನೇ ಒಪ್ಪಿಕೊಂಡ ಎಷ್ಟೋ ಕನ್ನಡಿಗರಿಗೆ ತಾವು ಆರಾಧ್ಯದೈವ.

ಆ ಹೊತ್ತಿನಲ್ಲಿ ನಾವು ಸುಮ್ಮನೆ ಕೂತಿರಲಿಲ್ಲ, ಬಹಳ ಬಿಡುವಿಲ್ಲದೆ ಇದ್ದೆವು. ಒಬ್ಬೊಬ್ಬರೂ ತಮ್ಮದೇ ಸಂಕೇತವಿಟ್ಟು ಕನ್ನಡ ಫಾಂಟು ಮಾಡುತ್ತಿದ್ದೆವು. ಒಬ್ಬರು ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ. ಆ ಕಾಲದ ಕಡತವನ್ನು ಇಂದು ತೆರೆದರೆ ‘ಕನ್ನಡ’ ಎಂದು ಬರೆದದ್ದು ಇಂಗ್ಲಿಷ್ ಅಕ್ಷರಗಳ ನಡುವೆ ಪೌಂಡಿನ ಚಿಹ್ನೆ ಸಮೇತ ಕಾಣಿಸುತ್ತದೆ. ಕನ್ನಡದ ಬೆಲೆ ಪೌಂಡಿನಲ್ಲಿ ನಮೂದಾದದ್ದು ಅದೊಂದೇ ಸಲ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಾಲಿಗೆ ಬಿದ್ದುಹೋದೀತು. ನಮ್ಮ ಅಚ್ಚುಮೊಳೆಯೂ ನನ್ನಂತೆ ಹೊರನಾಡಿನದೇ: ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಸೆರಾಂಪುರದಲ್ಲಿ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಶುರುವಾಯಿತು. ಅಲ್ಲಿಯೇ 1894ರಲ್ಲಿ ಕಿಟ್ಟೆಲ್ ಕೋಶ ಹೊರಬಂತು. ಆ ಜರ್ಮನ್ ಪಾದ್ರಿ ತಮ್ಮನ್ನು ಮರೆಯಲಿಲ್ಲ, ಸೀಸದಲ್ಲಿ ಎರಕ ಹೊಯ್ದ ೞಕ್ಕೆ ಕೋಶದಲ್ಲಿ ಜಾಗ ಕೊಟ್ಟರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಲೇ ಇಂದು ಲಕ್ಷಾಂತರ ಜನ ಕನ್ನಡ ಒತ್ತುತ್ತಿದ್ದಾರೆ. ವೈಷ್ಣವಿ ಮೂರ್ತಿಯವರಂಥವರು ‘ಅಕಾಯ ಕನಡಕ’ದಂಥ ಹೊಸ ಅಕ್ಷರರೂಪ ಬರೆದು ಉಚಿತವಾಗಿ ಹಂಚಿದ್ದಾರೆ. ಇವರ ಹೆಸರು ಕೇಳಿದರೆ ನಮ್ಮಲ್ಲಿ ಬಹಳ ಜನ ಯಾವ ಧಾರಾವಾಹಿಯವರು ಎಂದು ಕೇಳುತ್ತಾರೆ.

ನಮ್ಮ ಅಕ್ಷರಪ್ರೀತಿಯ ಬಗೆ ಬೇರೆ. ಮಗುವಿಗೆ ಅಕ್ಕಿಯ ಮೇಲೆ ‘ಓಂ’ ಬರೆಸುತ್ತೇವೆ, ಫೋಟೊ ತೆಗೆಯುತ್ತೇವೆ, ಇಂಗ್ಲಿಷ್ ಶಾಲೆಗೆ ಸೇರಿಸುತ್ತೇವೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ, ಕಣ್ಣಿಗೊತ್ತಿದ್ದನ್ನು ಬಿಡಿಸಿ ಓದುವುದಿಲ್ಲ. ಹಲ್ಮಿಡಿ ಶಾಸನದ ‘ಬಾಳ್ಗೞ್ಚು’ವಿನಲ್ಲಿ, ಕತ್ತಿ ತೊಳೆದ ವೀರನಿಗೆ ಕೊಟ್ಟ ದತ್ತಿಯ ಹೆಸರಿನಲ್ಲಿ, ತಾವು ಸುಮಾರು ಕ್ರಿ.ಶ. 450ರಿಂದ ಕೂತಿದ್ದೀರಿ. ತಮ್ಮಂಥ ಹಿರಿಯರ ವಯಸ್ಸು ತೋರಿಸಿ 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಪಡೆದೆವು. ತಾತನ ಪಿಂಚಣಿ ತಂದುಕೊಂಡು ತಾತನನ್ನು ಕೊಟ್ಟಿಗೆಯಲ್ಲಿ ಮಲಗಿಸುವ ಮೊಮ್ಮಕ್ಕಳನ್ನು ತಾವು ಕಂಡಿರಬಹುದು. 2024ರ ತಿದ್ದುಪಡಿ ಕಾಯ್ದೆಯಂತೆ ಕರ್ನಾಟಕದ ನಾಮಫಲಕಗಳಲ್ಲಿ ಶೇ. 60 ಕನ್ನಡ ಇರಬೇಕು. ಕಾಯ್ದೆ ಬೇಕೇ ಬೇಕು, ನನ್ನ ತಕರಾರಿಲ್ಲ. ಆದರೆ ಉಳಿದ 40ರಲ್ಲಿ ಇಂಗ್ಲಿಷ್ ಹೆಸರು ಬಳುಕುತ್ತ ನಿಂತರೆ, ನಮ್ಮ 60ರಲ್ಲಿ ಅದೇ ಹೆಸರು ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಫಾಂಟಿನಲ್ಲಿ, ಒತ್ತಕ್ಷರದ ಕಾಲು ಮುರಿದು, ಅರ್ಕಾವೊತ್ತು ಎಲ್ಲೋ ತೂಗಿ, ದಂಡ ಕಟ್ಟಲು ಬಂದವರ ಮುಖ ಹೊತ್ತು ನಿಲ್ಲುತ್ತದೆ. ಸಿಯೋಲಿನ ಇನ್ಸಾದೊಂಗ್ ಬೀದಿಯಲ್ಲಿ 2001ರಲ್ಲೇ ಸ್ಟಾರ್‌ಬಕ್ಸ್ ತನ್ನ ಹೆಸರನ್ನು ಕೊರಿಯನ್ ಲಿಪಿಯಲ್ಲಿ ಬರೆಸಿತು. ಇಂದು ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಚಂದವಾಗಿ ಬರೆದರೆ ಅಳತೆಪಟ್ಟಿ ಹಿಡಿದವರ ಕೆಲಸ ಅರ್ಧ ಕಡಿಮೆ.

ಪ್ರದರ್ಶನದ ಕೊನೆಯ ಕೋಣೆಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಹಳೆಯ ಪತ್ರದ ಛಾಯಾಪ್ರತಿ. 1586ರಲ್ಲಿ ಗಂಡ ತೀರಿಹೋದಾಗ ಹೆಂಗಸೊಬ್ಬಳು ಅವನಿಗೆ ಬರೆದು ಗೋರಿಯೊಳಗೆ ಇಟ್ಟದ್ದು. 1998ರಲ್ಲಿ ಆಂದೊಂಗ್‌ನಲ್ಲಿ ಸಿಕ್ಕಿತು, ಜೊತೆಗೆ ತಲೆಗೂದಲು ಸೇರಿಸಿ ಹೆಣೆದ ಪಾದರಕ್ಷೆಯೂ ಇತ್ತು. ಹಾಳೆ ಮುಗಿದ ಮೇಲೆ ಅಂಚಿನ ಖಾಲಿ ಜಾಗದಲ್ಲೂ ಬರೆದಿದ್ದಾಳೆ. ಪಂಡಿತರು ಹೆಂಗಸರ ಲಿಪಿ ಎಂದು ಮೂಗು ಮುರಿದಿದ್ದ ಲಿಪಿ ಅದು. ಎರಡನೆಯದು ತೀರಾ ಈಚಿನದು. ಚಿಲ್ಗೊಕ್ ಎಂಬ ಕಡೆಯ ಐವರು ಅಜ್ಜಿಯರು ಮುಪ್ಪಿನಲ್ಲಿ ಅಕ್ಷರ ಕಲಿತರು. ಅವರ ನಡುಗುವ ಕೈಬರಹವನ್ನು 2020ರಲ್ಲಿ ಐದು ಫಾಂಟುಗಳನ್ನಾಗಿ ಮಾಡಿದರು. 2023ರಲ್ಲಿ ದೇಶದ ಅಧ್ಯಕ್ಷರ ಹೊಸವರ್ಷದ ಕಾರ್ಡೂ ಅಜ್ಜಿಯ ಕೈಬರಹದಲ್ಲೇ ಹೋಯಿತು. ಮಗಳು ಆ ಸೊಟ್ಟ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತು ‘ಇದು ದಾವಣಗೆರೆ ಅಜ್ಜಿ ಡಬ್ಬಿ ಮೇಲೆ ಬರೀತಾರಲ್ಲ, ಹಾಗೇ ಇದೆ ಅಪ್ಪ’ ಅಂದಳು.

‘ಅಜ್ಜಿ ಏನು ಬರೆದಿರ್ತಾರೆ?’ ಎಂದು ಕೇಳಿದಳು. ‘ಚಟ್ನಿಪುಡಿ ಅಂತ ಬರೆದಿರ್ತಾಳೆ, ಇನ್ನೇನು’ ಎಂದೆ.

ಇನ್ನು ನನ್ನ ಅಹವಾಲು. ದಯವಿಟ್ಟು ತಾವು ವಾಪಸ್ ಬರಬೇಡಿ. ಬಂದರೆ ತಮ್ಮ ಮೇಲೊಂದು ಸಮಿತಿ ರಚಿಸುತ್ತೇವೆ. ತಮ್ಮ ಹೆಸರಲ್ಲಿ ಒಂದು ವೃತ್ತ ಆಗುತ್ತದೆ, ಫಲಕದಲ್ಲಿ ತಮ್ಮನ್ನು ತಪ್ಪಾಗಿ ಬರೆಯುತ್ತೇವೆ. ನವೆಂಬರಿನಲ್ಲಿ ಉತ್ಸವಮೂರ್ತಿಯಾಗಿ ಮೆರೆಸಿ ಡಿಸೆಂಬರಿನಲ್ಲಿ ಗರ್ಭಗುಡಿಗೆ ಚಿಲಕ ಹಾಕುತ್ತೇವೆ. ಕಾಗುಣಿತಕ್ಕೆ ತಮ್ಮನ್ನು ಮತ್ತೆ ಸೇರಿಸುವುದೂ ಬೇಡ, ಇರುವ ಅಕ್ಷರಗಳೇ ಮಕ್ಕಳಿಗೆ ದಕ್ಕುತ್ತಿಲ್ಲ. ಹೆಸರು ತಿದ್ದಿಸಿಕೊಡುತ್ತೇನೆ ಎಂಬ ಭರವಸೆಯನ್ನೂ ಕೊಡಲಾರೆ, ಆ ಬೀಗಕ್ಕೆ ಕೀಲಿಯೇ ಇಲ್ಲ. ಯಾವುದಾದರೂ ರೊಟ್ಟಿ ಊಟದ ಖಾನಾವಳಿಯ ಫಲಕದಲ್ಲಿ, ಒಂದು ಅಂಗಿಯ ಎದೆಯ ಮೇಲೆ, ‘ಮೞೆ’ ಎಂಬ ಕೊಡೆ ಅಂಗಡಿಯ ಬಾಗಿಲಲ್ಲಿ ತಮಗೊಂದು ಸಣ್ಣ ಕೆಲಸ ಸಿಕ್ಕರೆ ದಯವಿಟ್ಟು ಒಪ್ಪಿಕೊಳ್ಳಿ. ಸಂಬಳದ ಬಗ್ಗೆ ಚೌಕಾಸಿ ಮಾಡಬೇಡಿ.

ಕೊನೆಗೆ ಡಬ್ಬಿಯ ವಿಷಯ. ದಿಲ್ಲಿಯಿಂದ ಮರಳಿದ ರಾತ್ರಿ ಮಗಳು ಅಡುಗೆಮನೆಯ ಮೇಲಿನ ಅಟ್ಟಣಿಗೆಯಿಂದ ಎರಡೂ ಡಬ್ಬಿ ಇಳಿಸಿದಳು. ಬಂದು ನಾಲ್ಕು ತಿಂಗಳಾಗಿತ್ತು. ಒಂದನ್ನು ಆಗಲೇ ಮುಗಿಸಿದ್ದೆವು, ಇನ್ನೊಂದರ ಮುಚ್ಚಳ ತೆಗೆದಿರಲಿಲ್ಲ. ಅದರ ಮೇಲಿನ ಚೀಟಿಯನ್ನು ನಾನು ಕೂಡಿಸಿಕೊಟ್ಟಂತೆ ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಅದರಲ್ಲಿ ಚಟ್ನಿಪುಡಿ ಎಂದು ಬರೆದಿರಲಿಲ್ಲ. ‘ಹಳೇದು. ಮೊದಲು ಇದನ್ನ ಖಾಲಿ ಮಾಡ್ರಿ’ ಎಂದಿತ್ತು.

ಮುಚ್ಚಳ ತೆಗೆದೆವು. ಕಮಟು ವಾಸನೆ ಬಂತು.

ಆ ಹಳೇದರ ಳದಲ್ಲಿ ಒಂದು ಕಾಲಕ್ಕೆ ಇದ್ದವರು ತಾವೇ. ಓದುಗರಲ್ಲಿ ಯಾರಿಗಾದರೂ ಊರಿನಿಂದ ಡಬ್ಬಿ ಬಂದಿದ್ದರೆ, ದಯವಿಟ್ಟು ಇವತ್ತೇ ಚೀಟಿ ಓದಿ.

ಇಂತಿ ತಮ್ಮ ಆಜ್ಞಾಧಾರಕ,
ಏೞನ್ನು ಏಳೆಂದು ಬರೆಯುವ ಒಬ್ಬ ದಾವಣಗೆರೆಯವನು,
ಮಾನೇಸರ, ಹರಿಯಾಣ